ಸರಾಸರಿ ಅಂದ್ರೆ ಯಾರ ಸರಾಸರಿ?

ಎಂಜಿನಿಯರಿಂಗ್ ಓದುವ ನಮಗೆಲ್ಲ ಯಾವುದೋ ಒಂದು ಸೆಮಿಸ್ಟರ್‌ನಲ್ಲಿ ಸಂಖ್ಯಾಶಾಸ್ತ್ರ ಎದುರಾಗುತ್ತದೆ. ಮೀನ್, ಮೀಡಿಯನ್, ಸ್ಟ್ಯಾಂಡರ್ಡ್ ಡೀವಿಯೇಷನ್. ಪುಸ್ತಕದವರು ಹತ್ತು ಅಂಕಿ ಕೊಡುತ್ತಾರೆ, ನಾವು ಕ್ಯಾಲ್ಕುಲೇಟರ್ ಒತ್ತುತ್ತೇವೆ, ಉತ್ತರ ಬರುತ್ತದೆ. ಆ ಹತ್ತು ಅಂಕಿ ಯಾವುದರದ್ದು ಅಂತ ಪರೀಕ್ಷೆ ಮುಗಿದ ಮೇಲೆ ಕೇಳಿದರೆ ಯಾರಿಗೂ ನೆನಪಿರುವುದಿಲ್ಲ. ಆದರೆ ಬೆಳಗಾವಿ ಜಿಲ್ಲೆಯ ಮೂಡಲಗಿ, ಹುಕ್ಕೇರಿ, ಗೋಕಾಕ ಕಡೆ ಸರಾಸರಿ ಅನ್ನೋದು ಬರೀ ಪುಸ್ತಕದ ಮಾತಲ್ಲ. ಕಬ್ಬಿನ ಬಿಲ್ಲಿನಲ್ಲಿ, ಮನೆಯ ಕರೆಂಟ್ ಬಿಲ್ಲಿನಲ್ಲಿ, ಹೊಳೆಯ ನೀರಿನಲ್ಲಿ ಅದು ದುಡ್ಡಾಗಿಯೋ ಅಪಾಯವಾಗಿಯೋ ಕಾಣಿಸುತ್ತದೆ. ಈ ಮೂರು ಊರುಗಳ ಮೂರು ಲೆಕ್ಕ ಬಿಡಿಸೋಣ.

ಮೂಡಲಗಿ: ರಿಕವರಿ ಎಷ್ಟು ಬಿತ್ತು?

2025ರ ನವೆಂಬರ್‌ನಲ್ಲಿ ಮೂಡಲಗಿ ತಾಲೂಕಿನ ಗುರ್ಲಾಪುರ ಕ್ರಾಸ್ ರಾಜ್ಯದ ಸುದ್ದಿಯಲ್ಲಿತ್ತು. ಟನ್ ಕಬ್ಬಿಗೆ 3,500 ರೂಪಾಯಿ ಬೇಕೆಂದು ರೈತರು ದಿನಗಟ್ಟಲೆ ರಸ್ತೆಯಲ್ಲಿ ಕುಳಿತರು. ಕೊನೆಗೆ ಸರ್ಕಾರ 3,300 ರೂಪಾಯಿ ಪ್ರಕಟಿಸಿತು. ಅದೇ ಹಂಗಾಮಿಗೆ ಕೇಂದ್ರ ನಿಗದಿ ಮಾಡಿದ್ದ ಎಫ್‌ಆರ್‌ಪಿ ದರ ಟನ್‌ಗೆ 3,550 ರೂಪಾಯಿ. ಹಾಗಿದ್ದರೆ ರೈತರು ಕಡಿಮೆ ಕೇಳಿದರೇ? ಇಲ್ಲ. ಎಫ್‌ಆರ್‌ಪಿ ಅಂದ್ರೆ ಕಾರ್ಖಾನೆ ಗೇಟಿನ ದರ. ಕಟಾವಿನ ಕೂಲಿ, ಸಾಗಣೆ ಖರ್ಚು ಅದರೊಳಗೇ ಇರುತ್ತವೆ. ರೈತರು ಕೇಳಿದ್ದು ಅವೆರಡೂ ಹೋಗಿ ಕೈಗೆ ಬರುವ ಹಣ. ಎರಡು ಸಂಖ್ಯೆಗಳನ್ನು ಹೋಲಿಸುವ ಮೊದಲು ಎರಡೂ ಒಂದೇ ವಸ್ತುವನ್ನು ಅಳೆಯುತ್ತಿವೆಯೇ ಎಂದು ನೋಡಬೇಕು. ಇದು ಮೊದಲ ಪಾಠ.

ಆ 3,550ರ ಹಿಂದೆ ಇನ್ನೊಂದು ಷರತ್ತಿದೆ. ಅದು 10.25% ಸಕ್ಕರೆ ಇಳುವರಿಗೆ, ಅಂದರೆ ನೂರು ಕಿಲೋ ಕಬ್ಬಿನಿಂದ 10.25 ಕಿಲೋ ಸಕ್ಕರೆ ಬಂದರೆ ಸಿಗುವ ದರ. ಊರಿನವರ ಬಾಯಲ್ಲಿ ಇದೇ ‘ರಿಕವರಿ’. ಅದಕ್ಕಿಂತ ಪ್ರತಿ 0.1% ಹೆಚ್ಚಾದರೆ ಟನ್‌ಗೆ 34.60 ರೂಪಾಯಿ ಸೇರುತ್ತದೆ. ಕಡಿಮೆಯಾದರೆ ಅಷ್ಟೇ ಇಳಿಯುತ್ತದೆ. 9.5%ಗಿಂತ ಕೆಳಗಿದ್ದರೂ 3,290.50 ರೂಪಾಯಿ ಕೊಡಲೇಬೇಕು.

ಈಗ ಲೆಕ್ಕಕ್ಕೆಂದು ಒಂದು ಕಾರ್ಖಾನೆ ಕಲ್ಪಿಸಿಕೊಳ್ಳಿ. ನವೆಂಬರ್‌ನಲ್ಲಿ ಕಬ್ಬು ಇನ್ನೂ ಪೂರ್ತಿ ಮಾಗಿಲ್ಲ. 1 ಲಕ್ಷ ಟನ್ ನುರಿಸಿ 9.5% ರಿಕವರಿ ಬಂತು. ಜನವರಿಯಲ್ಲಿ 3 ಲಕ್ಷ ಟನ್ ನುರಿಸಿ 11% ಬಂತು. ಎರಡನ್ನೂ ಕೂಡಿಸಿ ಎರಡರಿಂದ ಭಾಗಿಸಿದರೆ ಸರಿಯಾಗಿ 10.25%. ಆದರೆ ಒಟ್ಟು ಸಕ್ಕರೆಯನ್ನು ಒಟ್ಟು ಕಬ್ಬಿನಿಂದ ಭಾಗಿಸಿದರೆ 10.625%. ಸರಿಯಾದ ಲೆಕ್ಕ ಎರಡನೆಯದು. ಜನವರಿಯ ಕಬ್ಬು ಮೂರು ಪಟ್ಟು ಹೆಚ್ಚಿದ್ದ ಮೇಲೆ ಅದಕ್ಕೆ ಮೂರು ಪಟ್ಟು ತೂಕ ಸಿಗಬೇಕಲ್ಲವೇ? ನಾವು ಓದುವ ವೇಟೆಡ್ ಆವರೇಜ್ ಅಂದ್ರೆ ಇಷ್ಟೇ.

ಎರಡು ಲೆಕ್ಕಗಳ ಅಂತರ 0.375%. ನೋಡೋಕೆ ಧೂಳಿನಷ್ಟು. ಆದರೆ ಟನ್‌ಗೆ 129.75 ರೂಪಾಯಿ. 40 ಟನ್ ಕಳಿಸಿದ ಸಣ್ಣ ರೈತನಿಗೆ 5,190 ರೂಪಾಯಿ. 4 ಲಕ್ಷ ಟನ್ನಿಗೆ 5.19 ಕೋಟಿ.

ಇಲ್ಲಿ ಇನ್ನೊಂದು ಸೂಕ್ಷ್ಮವಿದೆ. ಈ ರಿಕವರಿ ಇಡೀ ಕಾರ್ಖಾನೆಯದ್ದು, ಒಬ್ಬೊಬ್ಬರ ಹೊಲದ್ದಲ್ಲ. ಸಿಹಿ ಕಬ್ಬು ಬೆಳೆದವನೂ ಸಪ್ಪೆ ಕಬ್ಬು ಬೆಳೆದವನೂ ಒಂದೇ ಸರಾಸರಿಯೊಳಗೆ ಕರಗಿಹೋಗುತ್ತಾರೆ. ನಿಮ್ಮ ಹೊಲದ ಕಬ್ಬು ಹೇಗಿದೆ ಅಂತ ತಿಳಿಯಬೇಕಾದರೆ ರಿಫ್ರ್ಯಾಕ್ಟೋಮೀಟರ್‌ನಲ್ಲಿ ರಸದ ಬ್ರಿಕ್ಸ್ ನೋಡಬಹುದು. ಬ್ರಿಕ್ಸ್ ಅಂದ್ರೆ ರಿಕವರಿ ಅಲ್ಲ, ರಸದಲ್ಲಿ ಕರಗಿರುವ ಪದಾರ್ಥದ ಅಳತೆ. ಮಾಗಿದ್ದರ ಅಂದಾಜಿಗೆ ಸಾಕು. ಕಬ್ಬಿನ ಬುಡ ಸಿಹಿ, ತುದಿ ಸಪ್ಪೆ. ಆದ್ದರಿಂದ ಎರಡೂ ಕಡೆ ರಸ ತೆಗೆಯಬೇಕು. ಬದುವಿನ ಅಂಚಿನಲ್ಲಿ ಕೈಗೆ ಸಿಕ್ಕ ದಪ್ಪ ಕಬ್ಬನ್ನೇ ಮುರಿದರೆ ಅದು ಸ್ಯಾಂಪಲ್ ಅಲ್ಲ, ಆಯ್ದ ಪ್ರದರ್ಶನ. ಮೊಬೈಲಿನಲ್ಲಿ ರ್‍ಯಾಂಡಮ್ ನಂಬರ್ ತೆಗೆದು ಅಷ್ಟನೇ ಸಾಲು, ಅಷ್ಟನೇ ಹೆಜ್ಜೆ ಅಂತ ಹೋಗಿ. ಒಂದು ಮಾತು ನೆನಪಿರಲಿ: ಅಂದಾಜಿನ ಅನಿಶ್ಚಿತತೆ ಅರ್ಧಕ್ಕಿಳಿಯಬೇಕಾದರೆ ಕಬ್ಬಿನ ಸಂಖ್ಯೆ ಎರಡು ಪಟ್ಟಾದರೆ ಸಾಲದು, ನಾಲ್ಕು ಪಟ್ಟಾಗಬೇಕು.

ಹುಕ್ಕೇರಿ: ಎರಡು ಮನೆ, ಒಂದೇ ಸರಾಸರಿ

ಹುಕ್ಕೇರಿಯಲ್ಲಿ ಕರೆಂಟ್ ಹಂಚುವುದು 1969ರಲ್ಲಿ ಶುರುವಾದ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ. ನಮ್ಮ ರಾಜ್ಯದಲ್ಲಿ ಇದೊಂದು ಅಪರೂಪ. ಗೃಹಜ್ಯೋತಿ ಯೋಜನೆ ಅಲ್ಲಿಯೂ ಇದೆ. ಅದರ ಲೆಕ್ಕ ನಿಂತಿರುವುದೇ ಸರಾಸರಿಯ ಮೇಲೆ: 2022–23ರಲ್ಲಿ ಮನೆಯ ತಿಂಗಳ ಸರಾಸರಿ ಬಳಕೆ, ಅದರ ಮೇಲೆ 10%, ಒಟ್ಟು 200 ಯೂನಿಟ್ ಮೀರದಂತೆ ಉಚಿತ.

ಎರಡು ಮನೆ ಊಹಿಸಿಕೊಳ್ಳಿ. ಮೊದಲ ಮನೆ ಆರು ತಿಂಗಳು 78, ಆರು ತಿಂಗಳು 82 ಯೂನಿಟ್ ಉರಿಸುತ್ತದೆ. ಎರಡನೆಯದು ಎಂಟು ತಿಂಗಳು 60, ಬೇಸಿಗೆಯ ನಾಲ್ಕು ತಿಂಗಳು 120. ಇಬ್ಬರದೂ ವರ್ಷಕ್ಕೆ 960 ಯೂನಿಟ್, ಸರಾಸರಿ 80, ಮಿತಿ 88. ಮುಂದಿನ ವರ್ಷವೂ ಬಳಕೆ ಹೀಗೇ ಇದ್ದರೆ ಮೊದಲ ಮನೆಗೆ ಒಂದು ಯೂನಿಟ್ಟಿನ ದುಡ್ಡೂ ಬೀಳದು. ಎರಡನೆಯವರು ಬೇಸಿಗೆಯಲ್ಲಿ ತಿಂಗಳಿಗೆ 32ರಂತೆ 128 ಯೂನಿಟ್ಟಿಗೆ ಹಣ ಕಟ್ಟುತ್ತಾರೆ. ಬಳಕೆ ಅಷ್ಟೇ, ಬಿಲ್ಲು ಬೇರೆ! ಮೊದಲ ಮನೆಯ ಸ್ಟ್ಯಾಂಡರ್ಡ್ ಡೀವಿಯೇಷನ್ 2, ಎರಡನೆಯದರದ್ದು ಸುಮಾರು 28. ಪರೀಕ್ಷೆಯಲ್ಲಿ ಸುಮ್ಮನೆ ಕಂಡುಹಿಡಿಯುವ ಆ ಸಂಖ್ಯೆ ಇಲ್ಲಿ ಜೇಬಿಗೆ ಕೈ ಹಾಕುತ್ತದೆ.

10% ಅನ್ನೋದರಲ್ಲೂ ಒಂದು ತಿರುವಿದೆ. 150 ಯೂನಿಟ್ ಉರಿಸುವವರಿಗೆ 15 ಯೂನಿಟ್ ಹೆಚ್ಚು, 30 ಉರಿಸುವ ಬಡ ಮನೆಗೆ ಬರೀ 3. ಒಂದು ಫ್ಯಾನ್ ತಂದರೂ ಅದು ಮುಗಿಯಿತು. 2024ರ ಜನವರಿಯಲ್ಲಿ ಸರ್ಕಾರ 48 ಯೂನಿಟ್‌ಗಿಂತ ಕಡಿಮೆ ಸರಾಸರಿಯವರಿಗೆ 10%ರ ಬದಲು 10 ಯೂನಿಟ್ ಎಂದು ತಿದ್ದಿತು. ಶೇಕಡಾ ಮತ್ತು ಸಂಖ್ಯೆ ನಡುವಿನ ವ್ಯತ್ಯಾಸಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕೇ?

ಗೋಕಾಕ: ಮಳೆ ಅಲ್ಲಿ, ನೀರು ಇಲ್ಲಿ

ಗೋಕಾಕದಲ್ಲಿ ಮಳೆ ಕಡಿಮೆ. ಆದರೂ 2019ರ ಆಗಸ್ಟ್‌ನಲ್ಲಿ ಊರಿಗೆ ಊರೇ ಪ್ರವಾಹಕ್ಕೆ ಸಿಕ್ಕಿತ್ತು. ಊರಿನ ಮಳೆಯ ಸರಾಸರಿ ನೋಡಿ ಹೊಳೆ ದಂಡೆಯಲ್ಲಿ ನಿಶ್ಚಿಂತೆಯಿಂದ ಕೂತರೆ ಕೆಟ್ಟಂತೆ. ಘಟಪ್ರಭೆ ಹುಟ್ಟುವುದು ಪಶ್ಚಿಮ ಘಟ್ಟದಲ್ಲಿ. ಹಿರಣ್ಯಕೇಶಿ, ಮಾರ್ಕಂಡೇಯ ಹೊಳೆಗಳೂ ಬಂದು ಅದನ್ನು ಸೇರುತ್ತವೆ.

ಗೋಕಾಕದ ದಿನದ ಮಳೆಯನ್ನೂ ಲೋಳಸೂರ ಸೇತುವೆಯ ಬಳಿಯ ನೀರಿನ ಮಟ್ಟವನ್ನೂ ಒಂದು ಗ್ರಾಫಿನಲ್ಲಿ ಚುಕ್ಕಿ ಇಟ್ಟರೆ ಚುಕ್ಕಿಗಳು ಚೆಲ್ಲಾಪಿಲ್ಲಿಯಾಗುವ ಸಾಧ್ಯತೆಯೇ ಹೆಚ್ಚು. ಬದಲಿಗೆ ಘಟ್ಟದ ಮಳೆ ತೆಗೆದುಕೊಂಡು ಒಂದು ದಿನ, ಎರಡು ದಿನ ಹಿಂದಕ್ಕೆ ಸರಿಸಿ ನೋಡಿ. ಯಾವ ದಿನಕ್ಕೆ ಸಂಬಂಧ ಗಟ್ಟಿಯಾಗುತ್ತದೋ ಅದು ನೀರು ಇಳಿದು ಬರಲು ಬೇಕಾದ ಸಮಯದ ಸುಳಿವು. ಆದರೆ ನಡುವೆ ಹುಕ್ಕೇರಿ ತಾಲೂಕಿನ ಹಿಡಕಲ್ ಜಲಾಶಯವಿದೆ, 51 ಟಿಎಂಸಿ ಹಿಡಿಯುತ್ತದೆ. ಅದು ತುಂಬುತ್ತಿರುವಾಗ ಒಂದು ಕಥೆ, ತುಂಬಿ ಗೇಟು ಎತ್ತಿದ ಮೇಲೆ ಇನ್ನೊಂದು. ಎರಡೂ ಅವಧಿಯ ಅಂಕಿಗಳನ್ನು ಕಲಸಿ ಒಂದೇ ಗೆರೆ ಎಳೆದರೆ ಆ ಗೆರೆ ಎರಡಕ್ಕೂ ಸುಳ್ಳು ಹೇಳುತ್ತದೆ.

ನಿಮ್ಮ ಮನೆಯಿಂದಲೇ ಶುರು

ಈ ರಜೆಗೆ ಊರಿಗೆ ಹೋದಾಗ ಹನ್ನೆರಡು ತಿಂಗಳ ಕರೆಂಟ್ ಬಿಲ್ ಹುಡುಕಿ. ಕಬ್ಬು ಇದ್ದವರು ಕಾಟಾದ ತೂಕದ ಚೀಟಿ, ಬಿಲ್ಲು ಕೇಳಿ ತೆಗೆದುಕೊಳ್ಳಿ. ಮಳೆ ಮತ್ತು ಜಲಾಶಯದ ದಿನದ ಅಂಕಿಗಳನ್ನು ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಪ್ರಕಟಿಸುತ್ತದೆ. ಕ್ಲಾಸಿನಲ್ಲಿ ಹಂಚಿಕೊಳ್ಳುವ ಮೊದಲು ಹೆಸರು, ಆರ್‌ಆರ್ ನಂಬರ್ ಅಳಿಸಿಬಿಡಿ. ಮೊದಲು ಅಂಕಿಗಳನ್ನು ಗ್ರಾಫಿನಲ್ಲಿ ಕಣ್ಣಾರೆ ನೋಡಿ, ಸೂತ್ರ ಆಮೇಲೆ ಇರಲಿ.

ಸರಾಸರಿ ತೆಗೆಯಲು ಕ್ಯಾಲ್ಕುಲೇಟರ್ ಸಾಕು. ಅದು ಯಾವುದರ ಸರಾಸರಿ, ಯಾರಿಗೆ ಎಷ್ಟು ತೂಕ ಕೊಟ್ಟಿದ್ದಾರೆ, ಒಳಗೆ ಏರಿಳಿತ ಎಷ್ಟು ಅಂತ ಕೇಳೋಕೆ ಮನುಷ್ಯರೇ ಬೇಕು. ಮನೆಯಲ್ಲಿ ಅಪ್ಪ ಕಬ್ಬಿನ ಬಿಲ್ಲು ಹಿಡಿದು ‘ಇದು ಸರಿ ಐತೇನು ನೋಡು’ ಅಂದಾಗ ಬಿಡಿಸಿ ಹೇಳುವಷ್ಟು ಬಂದರೆ ನಾವು ಓದಿದ ಸಂಖ್ಯಾಶಾಸ್ತ್ರಕ್ಕೆ ಅರ್ಥ ಬಂತು.