ತೋಳಿನ ಬಲವೂ ಬಿಡುವಿನ ದಿನವೂ

ಬಲಿಷ್ಠವಾದ ತೋಳುಗಳು ತನಗಿರಬೇಕೆಂದು ಬಯಸದ ತರುಣನು ವಿರಳ. ಆ ಬಯಕೆಯಲ್ಲಿ ತಪ್ಪೇನೂ ಇಲ್ಲ. ಆದರೆ ಅದರೊಡನೆ ಆತುರವೂ ಕೂಡಿತೆಂದರೆ ಅನರ್ಥಕ್ಕೆ ಮೊದಲಾಗುವುದು. ಡಂಬೆಲ್ಲುಗಳನ್ನು ಮನೆಗೆ ತಂದು, ಪ್ರತಿದಿನವೂ ಎರಡು ಹೊತ್ತು ಎತ್ತಿ, ತಿಂಗಳೊಳಗೆ ಮೊಣಕೈ ನೋವಿನಿಂದ ಬೇಸತ್ತು ಅವನ್ನು ಮಂಚದ ಕೆಳಗೆ ಸರಿಸುವವರು ಅನೇಕರುಂಟು. ಹಾಗಾದರೆ ವಾರಕ್ಕೆ ಎಷ್ಟು ಸಲ ಭಾರವನ್ನೆತ್ತಬೇಕು?

ಹೊಸದಾಗಿ ಆರಂಭಿಸುವವರಿಗೆ ವಾರಕ್ಕೆ 2 ಅಥವಾ 3 ಸಲ ಸಾಕು. ನಡುನಡುವೆ ಒಂದು ದಿನವಾದರೂ ತೋಳಿಗೆ ಬಿಡುವಿರಬೇಕು. ಏಕೆಂದರೆ ಮಾಂಸಖಂಡವು ಭಾರವನ್ನೆತ್ತುವ ಹೊತ್ತಿನಲ್ಲಿ ಬೆಳೆಯುವುದಿಲ್ಲ. ಶ್ರಮವು ಬೆಳವಣಿಗೆಗೆ ಪ್ರೇರಣೆಯನ್ನು ಮಾತ್ರ ಕೊಡುವುದು. ಕಟ್ಟುವ ಕೆಲಸವು ಅನಂತರದ ಒಂದೆರಡು ದಿನಗಳಲ್ಲಿ, ಉಂಡ ಅನ್ನದಿಂದಲೂ ಮಲಗಿದ ನಿದ್ರೆಯಿಂದಲೂ ನಡೆಯುವುದು. ಗೋಡೆಯ ಹಸಿ ಆರುವ ಮುನ್ನವೇ ಅದರ ಮೇಲೆ ಮತ್ತೊಂದು ವರಸೆಯನ್ನೇರಿಸುವ ಗೃಹಸ್ಥನುಂಟೆ?

ಈ ವಿಷಯದಲ್ಲಿ ಅಮೆರಿಕದ ಸೇನಾವೈದ್ಯ ತಾಮಸ್ ಡಿಲಾರ್ಮರ ಅನುಭವವು ಗಮನಾರ್ಹವಾದುದು. ಗಾಯಗೊಂಡ ಸೈನಿಕರ ಅಂಗಗಳಿಗೆ ಬಲವನ್ನು ಮರಳಿ ತರಲು ಅವರು ಭಾರವನ್ನೆತ್ತಿಸಿ, ಆ ಕ್ರಮವನ್ನು 1945ರಲ್ಲಿ ಪ್ರಕಟಿಸಿದರು. ಮೊದಲು ಹತ್ತು ಹತ್ತರಂತೆ 7ರಿಂದ 10 ಸರದಿಗಳನ್ನು ವಿಧಿಸಿದ್ದ ಅವರೇ, 1948ರಲ್ಲಿ ವಾಟ್ಕಿನ್ಸರೊಡಗೂಡಿ, ಅಷ್ಟು ಬೇಕಿಲ್ಲ, 3 ಸರದಿಗಳೇ ಮೇಲೆಂದು ತಿದ್ದಿದರು.

ಆದುದರಿಂದ 8ರಿಂದ 12 ಸಲ ಎತ್ತುವಷ್ಟರಲ್ಲಿ ತೋಳು ಚೆನ್ನಾಗಿ ದಣಿಯುವಂತಹ ಭಾರವನ್ನು ಆರಿಸಿ, ಎರಡು ಮೂರು ಸರದಿಗಳನ್ನು ಮಾಡತಕ್ಕದ್ದು. ಅದು ಸುಲಭವಾದ ಮೇಲೆ ಭಾರವನ್ನು ಸ್ವಲ್ಪ ಸ್ವಲ್ಪವಾಗಿ ಹೆಚ್ಚಿಸಬೇಕು. ಉಸಿರನ್ನು ಬಿಗಿಹಿಡಿಯಬಾರದು. ವಾರದಲ್ಲಿ ಒಟ್ಟು ಎಷ್ಟು ಶ್ರಮವಾಯಿತೆಂಬುದೇ ಮುಖ್ಯ; ದಿನಗಳ ಎಣಿಕೆಯು ಅದನ್ನು ಹಂಚಿಕೊಳ್ಳುವ ಉಪಾಯವಷ್ಟೆ. ತೋಳಿನ ಮುಂಭಾಗವು ಕಣ್ಣಿಗೆ ಕಾಣುವುದರಿಂದ ಅದೊಂದಕ್ಕೇ ಶ್ರಮ ಕೊಡುವುದು ವಾಡಿಕೆ. ಆದರೆ ಮೇಲ್ದೋಳಿನ ಹೆಚ್ಚಿನ ಭಾಗವು ಹಿಂಬದಿಯ ಸ್ನಾಯುವೇ ಆಗಿರುವುದು. ನಮ್ಮ ಗರಡಿಗಳ ದಂಡವು ಅದಕ್ಕೆ ಒಳ್ಳೆಯ ಸಾಧನೆ.

ಆಹಾರವಿಲ್ಲದೆ ಸಾಧನೆಯು ಫಲಿಸದು. ಸಾಮಾನ್ಯ ಮನುಷ್ಯನಿಗೆ ದೇಹತೂಕದ ಕಿಲೋ ಒಂದಕ್ಕೆ ದಿನಕ್ಕೆ 0.83 ಗ್ರಾಂ ಸಸಾರಜನಕವು ಬೇಕೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಲಿಯು 2020ರಲ್ಲಿ ಹೇಳಿರುವುದು; 60 ಕಿಲೋ ತೂಗುವವನಿಗೆ ಸುಮಾರು 50 ಗ್ರಾಂ. ಭಾರವನ್ನೆತ್ತುವವನಿಗೆ ಇನ್ನೂ ಹೆಚ್ಚು ಬೇಕು. ಬೇಳೆ, ಕಾಳು, ಹಾಲು, ಮೊಸರು, ತಿನ್ನುವವರಿಗೆ ಮೊಟ್ಟೆ ಮಾಂಸಗಳು ಇದನ್ನೊದಗಿಸುವುವು.

ಇದು ತರುಣರಿಗೆ ಮಾತ್ರ ಸಂಬಂಧಿಸಿದ ಮಾತೆಂದು ಹಿರಿಯರು ಕಡೆಗಣಿಸಬಾರದು. ನಡುವಯಸ್ಸು ದಾಟಿದಂತೆ ಮಾಂಸಖಂಡವು ತಾನಾಗಿಯೇ ಕರಗುತ್ತ ಬರುವುದು. ಬಾವಿಯ ಕೊಡವೂ ಅಕ್ಕಿಯ ಚೀಲವೂ ಒಂದು ದಿನ ಭಾರವೆನಿಸುವುವು. ಸ್ತ್ರೀಪುರುಷರೆನ್ನದೆ ವಯಸ್ಕರೆಲ್ಲರೂ ವಾರಕ್ಕೆ ಎರಡು ದಿನವಾದರೂ ಸ್ನಾಯುಗಳನ್ನು ಬಲಪಡಿಸುವ ವ್ಯಾಯಾಮ ಮಾಡಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಮತ. ಹೃದ್ರೋಗ, ರಕ್ತದ ಒತ್ತಡಗಳಿರುವವರು ಮೊದಲು ವೈದ್ಯರನ್ನು ಕೇಳುವುದು ಉಚಿತ. ಅಂಗಸಾಧನೆಯು ಓದುಬರಹಕ್ಕೆ ವಿರೋಧಿಯೆಂಬ ಶಂಕೆಯೂ ಬೇಡ. ‘ಶಾಂತಲಾ’ ಕಾದಂಬರಿಯನ್ನು ಬರೆದ ಕೆ. ವಿ. ಅಯ್ಯರ್ ಅವರೇ ಬೆಂಗಳೂರಿನಲ್ಲಿ ವ್ಯಾಯಾಮಶಾಲೆಯನ್ನು ನಡೆಸಿದವರು.

ಅತಿಯಾದರೆ ಅಮೃತವೂ ವಿಷವೆಂಬ ಗಾದೆಯು ಕಬ್ಬಿಣದ ಗುಂಡಿಗೂ ಸಲ್ಲುವುದು. ಎತ್ತುವ ದಿನ ಮನಸ್ಸಿಟ್ಟು ಎತ್ತಿ, ಬಿಡುವಿನ ದಿನ ನಿಶ್ಚಿಂತೆಯಿಂದ ಬಿಡುವವನ ಡಂಬೆಲ್ಲುಗಳು ವರ್ಷ ಕಳೆದರೂ ಮಂಚದ ಕೆಳಗೆ ಸೇರವು.