ಲಿವರ್ ರಿಪೋರ್ಟಿನಲ್ಲಿ ಪ್ರಕೃತಿ ಎಲ್ಲಿದೆ?

ಸಿದ್ದಾಪುರ ಪೇಟೆಯಲ್ಲಿ ರಕ್ತಪರೀಕ್ಷೆಯ ಸಣ್ಣ ಲ್ಯಾಬ್ ನಡೆಸುತ್ತೇನೆ. ಲಿವರ್ ಪರೀಕ್ಷೆಗೆ ತೋಟದ ಲೈನ್ ಮನೆಯವರೂ ಬರುತ್ತಾರೆ, ತೋಟದ ಮಾಲೀಕರೂ ಬರುತ್ತಾರೆ. ಹೆಪ್ಪುಗಟ್ಟಿದ ರಕ್ತದ ಟ್ಯೂಬನ್ನು ಸೆಂಟ್ರಿಫ್ಯೂಜಿನಲ್ಲಿ ತಿರುಗಿಸಿದರೆ ಸೀರಮ್ ಮೇಲೆ ನಿಲ್ಲುತ್ತದೆ. ಕಾಮಾಲೆ ಏರಿದವರದ್ದು ಅರಿಶಿನ ಕದಡಿದ ನೀರಿನಂತಿರುತ್ತದೆ. ಆ ಹಳದಿ ಬಣ್ಣ ಕೊಡುವ ಬಿಲಿರುಬಿನ್ ಎಷ್ಟೆಂದು ಮಷಿನ್ ಹೇಳುವ ಮೊದಲೇ ಕಣ್ಣಿಗೆ ಗೊತ್ತಾಗುತ್ತದೆ.

"ನಂದು ಪಿತ್ತ ಪ್ರಕೃತಿ ಅಂತ ಪಂಡಿತರು ನಾಡಿ ಹಿಡಿದು ಹೇಳಿದ್ರು. ಅದು ಇದ್ರಲ್ಲಿ ಬರುತ್ತಾ ಅಣ್ಣಾ? ನನ್ನ ಜೊತೆ ಕುಡಿದವ್ರೆಲ್ಲ ಚೆನ್ನಾಗೇ ಇದ್ದಾರಲ್ಲ?" ಎಂದು ಕೇಳುವವರಿದ್ದಾರೆ. ವಿಜ್ಞಾನಿಗಳೂ ತಲೆ ಕೆಡಿಸಿಕೊಂಡಿರುವ ಪ್ರಶ್ನೆ ಇದು.

ನಮ್ಮ ಲಿವರ್ ಕೋಶದಲ್ಲೂ ಚರ್ಮದ ಕೋಶದಲ್ಲೂ ಇರುವುದು ಒಂದೇ ಡಿಎನ್‌ಎ. ಯಾವ ಜೀನ್ ಕೆಲಸ ಮಾಡಬೇಕು, ಯಾವುದು ಸುಮ್ಮನಿರಬೇಕು ಎಂಬುದನ್ನು ಡಿಎನ್‌ಎಗೆ ಅಂಟುವ ಮೀಥೈಲ್‌ನಂಥ ರಾಸಾಯನಿಕ ಗುರುತುಗಳು ನಿಯಂತ್ರಿಸುತ್ತವೆ. ಇದರ ಅಧ್ಯಯನವೇ ಎಪಿಜೆನೆಟಿಕ್ಸ್. ಊಟ, ವಯಸ್ಸು, ವೈರಸ್, ಹೆಂಡ ಎಲ್ಲವೂ ಈ ಗುರುತುಗಳನ್ನು ಬದಲಿಸಬಲ್ಲವು. ಮೀಥೈಲ್ ಒದಗಿಸುವುದರಲ್ಲಿ ಲಿವರ್‌ನದೇ ದೊಡ್ಡ ಪಾಲು. ಅತಿಯಾದ ಕುಡಿತ ಆ ಕೆಲಸವನ್ನೇ ಕೆಡಿಸುತ್ತದೆ.

ಆಯುರ್ವೇದ ಹೇಳುವ ದೇಹದ ಸ್ವಭಾವಕ್ಕೂ, ಅಂದರೆ ಪ್ರಕೃತಿಗೂ, ಈ ಗುರುತುಗಳಿಗೂ ನಂಟಿದೆಯೇ ಎಂದು ಹುಡುಕಿದವರು ನಮ್ಮ ಮಣಿಪಾಲದವರು. ಹೃದಯ ಶಸ್ತ್ರಚಿಕಿತ್ಸಕ ಎಂ.ಎಸ್. ವಲಿಯತ್ತಾನ್ ಪ್ರೇರಣೆಯ ಆಯುರ್ವೇದ ಸಂಶೋಧನೆಯಲ್ಲಿ 3,416 ಆರೋಗ್ಯವಂತ ಯುವಕರ ಪ್ರಕೃತಿಯನ್ನು ಪರೀಕ್ಷಿಸಲಾಯಿತು. ಅವರಲ್ಲಿ ಆಯ್ದ ಕೆಲವರ ರಕ್ತದಲ್ಲಿ ವಾತ, ಪಿತ್ತ, ಕಫದವರ ಮೀಥೈಲ್ ಗುರುತುಗಳು ಬೇರೆಬೇರೆಯಾಗಿವೆ ಎಂದು ಕೆ. ಸತ್ಯಮೂರ್ತಿ ಅವರ ತಂಡ 2015ರಲ್ಲಿ ಪ್ರಕಟಿಸಿತು. ಚೀನಾದಲ್ಲೂ ಇಂಥದೇ ಹುಡುಕಾಟವಿದೆ. ಅಲ್ಲಿನ ಪಾರಂಪರಿಕ ವೈದ್ಯರು ನಾಲಿಗೆ, ನಾಡಿ ನೋಡಿ ಒಂದೇ ಲಿವರ್ ಕಾಯಿಲೆಯನ್ನು 'ತೇವ-ಉಷ್ಣ', 'ಯಿನ್ ಕೊರತೆ' ಎಂದೆಲ್ಲ ವಿಂಗಡಿಸುತ್ತಾರೆ. ಹೆಪಟೈಟಿಸ್ ಬಿ ರೋಗಿಗಳಲ್ಲಿ ಈ ವಿಂಗಡಣೆಯ ಸುಳಿವು ರಕ್ತದ ಅಣುಗಳಲ್ಲೂ ಸಿಗುತ್ತದೆಯೇ ಎಂದು ಸಂಶೋಧಕರು ನೋಡುತ್ತಿದ್ದಾರೆ.

ಇಷ್ಟಕ್ಕೇ ನಾಡಿ ನೋಡಿ ಲಿವರ್ ಗಟ್ಟಿಯಾಗುವ ಸಿರೋಸಿಸ್ ಪತ್ತೆಹಚ್ಚಬಹುದು ಎಂದಾಗುವುದಿಲ್ಲ. ಮಣಿಪಾಲದ ಅಧ್ಯಯನದಲ್ಲಿ ಪರೀಕ್ಷೆಗೊಳಗಾದವರು ಆರೋಗ್ಯವಂತರು. ಲಿವರ್ ಗಟ್ಟಿಯಾಗುತ್ತಿದೆಯೇ ಎಂದು ತಿಳಿಯಲು ರಕ್ತಪರೀಕ್ಷೆ, ಸ್ಕ್ಯಾನಿಂಗ್ ಆಗಲೇಬೇಕು. ಗಿಡಮೂಲಿಕೆ ಏನೂ ಹಾನಿ ಮಾಡುವುದಿಲ್ಲವೆಂಬ ನಂಬಿಕೆಯೂ ಸರಿಯಲ್ಲ: ಅಮೃತಬಳ್ಳಿ ಸೇವಿಸಿದವರಲ್ಲಿ ಲಿವರ್‌ಗೆ ಪೆಟ್ಟಾದ ಪ್ರಕರಣಗಳನ್ನು ಮುಂಬೈ ವೈದ್ಯರು 2021ರಲ್ಲಿ ವರದಿ ಮಾಡಿದ್ದಾರೆ. ಕಾಮಾಲೆಗೆಂದು ನೆಲನೆಲ್ಲಿ ಕುಡಿಯುತ್ತಿದ್ದರೆ ಅದನ್ನೂ ಡಾಕ್ಟರಿಗೆ ಮುಚ್ಚಿಡದೆ ಹೇಳಿ. ಬೈದಾರೆಂದು ಹೆದರಿ ಸುಮ್ಮನಿದ್ದರೆ ನಷ್ಟ ನಿಮಗೇ.

ಈ ವಿಜ್ಞಾನದಲ್ಲಿ ನನಗೆ ಹೆಚ್ಚು ಧೈರ್ಯ ಕೊಟ್ಟದ್ದು ಜರ್ಮನಿಯ ಸಂಶೋಧಕರ 2013ರ ಅಧ್ಯಯನ. ಬೊಜ್ಜಿನ ಶಸ್ತ್ರಚಿಕಿತ್ಸೆಯಾಗಿ ತೂಕ ಇಳಿದವರ ಲಿವರ್‌ನಲ್ಲಿ ಕೊಬ್ಬಿನ ಕಾಯಿಲೆಯ ಕೆಲವು ಮೀಥೈಲ್ ಗುರುತುಗಳು ಹಿಂದಕ್ಕೆ ಸರಿದಿದ್ದವು. ಹಾಗಾಗಿ "ನನ್ನ ಪ್ರಕೃತಿಯೇ ಹೀಗೆ" ಎಂದು ಯಾರೂ ಕೈಚೆಲ್ಲಬಾರದು. ಹೆಪಟೈಟಿಸ್ ಬಿ ಪರೀಕ್ಷೆ ಮಾಡಿಸಿ, ಮಗು ಹುಟ್ಟಿದ ದಿನವೇ ಲಸಿಕೆ ಹಾಕಿಸಿ, ಲಿವರ್ ಕೆಟ್ಟಿದ್ದರೆ ಕುಡಿತ ಪೂರ್ತಿ ಬಿಡಿ. ದಿನವೂ ಕುಡಿಯುವ ಅಭ್ಯಾಸವಿದ್ದವರು ವೈದ್ಯರ ನೆರವಿನಿಂದಲೇ ಬಿಡಿ. ಒಮ್ಮೆಲೇ ನಿಲ್ಲಿಸಿದರೆ ಪ್ರಾಣಕ್ಕೂ ಅಪಾಯವಾಗಬಹುದು.