ಕಪ್ಪೆಯ ಗಾಯ ಏಕೆ ಕೀವಾಗಲಿಲ್ಲ?

ಮೈಕೆಲ್ ಜಾಸ್ಲಾಫ್ ಅವರಿಗೆ ಬೇಕಿದ್ದದ್ದು ಕಪ್ಪೆಯ ಮೊಟ್ಟೆ ಮಾತ್ರ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿದ್ದ ಅವರು ಆಫ್ರಿಕಾದ ಝೆನೋಪಸ್ ಕಪ್ಪೆಯ ಹೊಟ್ಟೆ ಕೊಯ್ದು, ಅಂಡಾಶಯ ತೆಗೆದು, ಹೊಲಿಗೆ ಹಾಕಿ ಮತ್ತೆ ತೊಟ್ಟಿಗೆ ಬಿಡುತ್ತಿದ್ದರು. ತೊಟ್ಟಿಯ ನೀರೋ, ಬ್ಯಾಕ್ಟೀರಿಯಾ ತುಂಬಿದ ಕೊಳಕು ನೀರು. ಆದರೂ ಗಾಯ ಕೀವಾಗದೆ ಮಾಯುತ್ತಿತ್ತು. ಇದನ್ನು ಇನ್ನೆಷ್ಟೋ ಮಂದಿ ನೋಡಿರಬೇಕು. ಏಕೆ ಎಂದು ಬೆನ್ನು ಹತ್ತಿದವರು ಇವರು. 1987ರಲ್ಲಿ ಕಪ್ಪೆಯ ಚರ್ಮದಲ್ಲೇ ಬ್ಯಾಕ್ಟೀರಿಯಾ ಕೊಲ್ಲುವ ಎರಡು ಪೆಪ್ಟೈಡುಗಳು ಸಿಕ್ಕವು. ಒಂದೊಂದೂ ಬರೀ 23 ಅಮೈನೋ ಆಮ್ಲಗಳ ಸರ. ಹೀಬ್ರೂವಿನಲ್ಲಿ ‘ಮಗೇನ್’ ಎಂದರೆ ಗುರಾಣಿ. ಅದರಿಂದಲೇ ಮಗೈನಿನ್ ಎಂಬ ಹೆಸರು.

ಚರ್ಮ ಎಂದರೆ ಗೋಡೆ, ಕಾಳಗವೇನಿದ್ದರೂ ಬಿಳಿ ರಕ್ತಕಣಗಳದ್ದು ಎಂದು ನಾವೆಲ್ಲ ಶಾಲೆಯಲ್ಲಿ ಓದಿದ್ದೇವೆ. ಗೋಡೆಯ ಮಾತು ಸುಳ್ಳಲ್ಲ. ಚರ್ಮ, ಶ್ವಾಸನಾಳ, ಕರುಳುಗಳನ್ನು ಹೊದಿಸಿರುವ ಅನುಲೇಪಕ ಕೋಶಗಳು ಒಂದಕ್ಕೊಂದು ಬಿಗಿಯಾಗಿ ಬೆಸೆದುಕೊಂಡೇ ಇರುತ್ತವೆ. ಆದರೆ ಈ ಗೋಡೆಯ ಇಟ್ಟಿಗೆಗಳ ಕೈಯಲ್ಲಿ ಕತ್ತಿಯೂ ಇದೆ. 1991ರಲ್ಲಿ ಜಾಸ್ಲಾಫ್ ತಂಡಕ್ಕೆ ಹಸುವಿನ ಶ್ವಾಸನಾಳದಲ್ಲೂ ಇಂಥದೊಂದು ಪೆಪ್ಟೈಡು ಸಿಕ್ಕಿತು.

ಮನುಷ್ಯರ ಸರದಿ ಬಂದದ್ದು ವಿಚಿತ್ರ ದಾರಿಯಲ್ಲಿ. ಸೋರಿಯಾಸಿಸ್ ಆದವರ ಚರ್ಮ ಬಿರಿದು ಹೊಟ್ಟು ಹೊಟ್ಟಾಗಿ ಉದುರುತ್ತದೆ. ಆದರೂ ಅಲ್ಲಿ ಸೋಂಕು ತೀರ ಅಪರೂಪ. ಇಸುಬಿನ ಚರ್ಮದಲ್ಲಿ ಹಾಗಲ್ಲ, ಸ್ಟ್ಯಾಫಿಲೊಕಾಕಸ್ ಬ್ಯಾಕ್ಟೀರಿಯಾ ಬೇಗ ಬೀಡುಬಿಡುತ್ತದೆ. ಜರ್ಮನಿಯ ಕೀಲ್ ನಗರದ ಯೆನ್ಸ್ ಶ್ರೋಡರ್ ಮತ್ತು ಸಂಗಡಿಗರು ಆ ಉದುರಿದ ಹೊಟ್ಟನ್ನೇ ಕೂಡಿಟ್ಟು ಶೋಧಿಸಿದರು. ಯಾರಾದರೂ ಗುಡಿಸಿ ಎಸೆಯುವ ಕಸ! ಅದರಲ್ಲಿ ಸಿಕ್ಕಿದ ಬೀಟಾ-ಡಿಫೆನ್ಸಿನ್-2 ಎಂಬ ಪೆಪ್ಟೈಡನ್ನು ಅವರು 1997ರಲ್ಲಿ ಪ್ರಕಟಿಸಿದರು. ಇಸುಬಿನ ಚರ್ಮದಲ್ಲಿ ಇದು ಸೋರಿಯಾಸಿಸ್‌ನಲ್ಲಿ ಇರುವುದಕ್ಕಿಂತ ತುಂಬಾ ಕಡಿಮೆ ಎಂಬುದು ಆಮೇಲೆ ತಿಳಿಯಿತು.

ಡಿಫೆನ್ಸಿನ್-2 ಆರೋಗ್ಯವಂತ ಚರ್ಮದಲ್ಲಿ ಸದಾ ತುಂಬಿಕೊಂಡಿರುವುದಿಲ್ಲ. ಬ್ಯಾಕ್ಟೀರಿಯಾ ಸೋಂಕಿದಾಗ ಕೋಶ ಅದನ್ನು ಗುರುತು ಹಿಡಿದು ತಯಾರಿಗೆ ತೊಡಗುತ್ತದೆ, ಜೊತೆಗೆ ರಾಸಾಯನಿಕ ಕರೆ ಕಳಿಸಿ ಬಿಳಿ ರಕ್ತಕಣಗಳನ್ನೂ ಕೂಗುತ್ತದೆ. ಪೆಪ್ಟೈಡಿನದು ಧನ ವಿದ್ಯುದಂಶ; ಬ್ಯಾಕ್ಟೀರಿಯಾದ ಮೈಮೇಲೆ ಋಣ. ಹೋಗಿ ಅಂಟಿಕೊಂಡು ಪೊರೆಯನ್ನು ಹಾಳುಗೆಡವುತ್ತದೆ. ನಮ್ಮ ಕೋಶಗಳ ಹೊರಮೈ ಹೆಚ್ಚುಕಡಿಮೆ ತಟಸ್ಥ, ಹಾಗಾಗಿ ಪೆಟ್ಟು ತಪ್ಪುತ್ತದೆ.

ಕಪ್ಪೆಯ ಗುರಾಣಿಯನ್ನು ತಿದ್ದಿ ಮಧುಮೇಹಿಗಳ ಕಾಲಿನ ಹುಣ್ಣಿಗೆ ಮುಲಾಮು ಮಾಡಿದ್ದೂ ಆಯಿತು. 1999ರಲ್ಲಿ ಅಮೆರಿಕದ ಔಷಧ ನಿಯಂತ್ರಕರು ಅದಕ್ಕೆ ಒಪ್ಪಿಗೆ ಕೊಡಲಿಲ್ಲ.